ಮಫ್ಲರ್ ಮೇಲೆ ಮಾಸ್ಕು

ಏರ್‌ಪೋರ್ಟ್ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಭಾವ ಮನೆ ತಲುಪಿದರೆಂಬ ಫೋನು ಇನ್ನೂ ಬಂದಿಲ್ಲ.

ಬೆಳಗ್ಗೆ ಚಳಿಯಲ್ಲಿ ವಿದ್ಯಾರಣ್ಯಪುರದಿಂದ ಯಲಹಂಕದ ಬಸ್‌ಸ್ಟಾಪಿಗೆ ಸ್ಕೂಟರಿನಲ್ಲಿ ಬಿಟ್ಟವರು ಅವರೇ. ಅಕ್ಕ ಅವರ ಮೂಗಿನವರೆಗೂ ಮಫ್ಲರ್ ಬಿಗಿದಿದ್ದಳು. ಉಸಿರೆಲ್ಲ ಮೇಲೇರಿ ಕನ್ನಡಕಕ್ಕೆ ಮಂಜು ಕಟ್ಟುತ್ತಿತ್ತು.

“ತಿರುವಲ್ಲಿ ಮಾತಾಡಿಸ್ಬೇಡ ಕಣೋ, ಉಸಿರು ಹಿಡ್ಕೊಂಡಿರ್ತೀನಿ. ಆಗ್ಲೇ ಸ್ವಲ್ಪ ಕಾಣೋದು,” ಎಂದರು.

ನಾನು ಹಿಂದಿನಿಂದ ಅವರ ಭುಜ ಹಿಡಿದೆ. “ಮಫ್ಲರ್ ಕೆಳಗಿಳಿಸಿ ಭಾವ!”

“ನಿಮ್ಮಕ್ಕ ಕಟ್ಟಿರೋದು. ಬಿಚ್ಚಿದ್ರೆ ಹಿಂಗೇ ಕಟ್ಟೋಕೆ ನಂಗ್ ಬರಲ್ಲ. ಮನೇಲಿ ಗೊತ್ತಾಗುತ್ತೆ.”

ಆಮೇಲೆ ದಾರಿಯುದ್ದಕ್ಕೂ “ಹಂಪ್, ಭಾವ! ನಾಯಿ, ಭಾವ!” ಎಂದು ಹಿಂದಿನಿಂದ ಕೂಗುತ್ತಲೇ ಬಂದೆ.

ಸ್ಟಾಪಿನಲ್ಲಿ ಇಳಿದ ಮೇಲೆ ಹೊಸ ಭಯ ಹಿಡಿಯಿತು. ವಾಪಸ್ ಹೋಗುವಾಗ ಕೂಗುವವರು ಯಾರು? ಮನಾಲಿಯ ಹಿಮಕ್ಕೆಂದು ಕೊಂಡ ಮಾಸ್ಕು ಬ್ಯಾಗಿನಲ್ಲಿತ್ತು. ಅದಕ್ಕೆ ಮೂಗಿನ ಮೇಲೆ ಒತ್ತಿ ಕೂರುವ ತಂತಿ, ಉಸಿರು ಕೆಳಕ್ಕೆ ಹೋಗಲು ಸಣ್ಣ ಕಿಂಡಿ. ಕನ್ನಡಕ ಮಬ್ಬಾಗುವುದೇ ಇಲ್ಲ ಎಂದಿದ್ದ ಅಂಗಡಿಯವನು. ಅಷ್ಟರಲ್ಲಿ ಬಸ್ಸು ಬಂತು. ಮಾಸ್ಕನ್ನು ಭಾವನ ಕೈಗೆ ತುರುಕಿ ಹತ್ತಿದೆ.

ಬಾಗಿಲಲ್ಲೇ ನಿಂತು ತಿರುಗಿ ನೋಡಿದರೆ, ಭಾವ ಹೆಲ್ಮೆಟ್ ತೆಗೆದು ಮಾಸ್ಕನ್ನು ಮಫ್ಲರಿನ ಮೇಲೆಯೇ ಎಳೆದುಕೊಂಡಿದ್ದರು. ಕನ್ನಡಕ ಪೂರ್ತಿ ಬೆಳ್ಳಗಾಗಿತ್ತು.

“ಬೆಚ್ಚಗಿದೆ ಕಣೋ! ಹುಷಾರಾಗಿ ಹೋಗ್ಬಿಟ್ಟು ಬಾ!” ಎಂದು ಅವರು ಜೋರಾಗಿ ಕೈ ಬೀಸಿದರು, ನಮ್ಮ ಬಸ್ಸಿನ ಹಿಂದೆ ನಿಂತಿದ್ದ ಹಾಲಿನ ಲಾರಿಗೆ.