ಮೇಜಿನ ಕೆಳಗಿನ ಮಾವಿನಹಣ್ಣು

ಮೂವತ್ತು ವರ್ಷ ಕೊಪ್ಪಳದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಬೋಧಿಸಿದ ನಾನು ಜೀವಮಾನದಲ್ಲಿ ಒಮ್ಮೆ ಲಂಚ ಕೊಡಲು ಹೋಗಿ ಸೋತಿದ್ದೇನೆ. ಕೊಡಲು ಹೋದೆನಲ್ಲ ಎಂಬುದಕ್ಕಿಂತ ಕೊಡಲು ಬರಲಿಲ್ಲವಲ್ಲ ಎಂಬ ನಾಚಿಕೆಯೇ ಹೆಚ್ಚೆಂದರೆ ನೀವು ನಗಬಾರದು.

ಅಪರಾಧದ ವಿಷಯದಲ್ಲಿ ನಮ್ಮ ಶಾಸ್ತ್ರ ಬಹಳ ಸಭ್ಯ. ಕಳ್ಳನನ್ನು ಅದು ಪಾಪಿ ಎನ್ನುವುದಿಲ್ಲ, ಲೆಕ್ಕ ಬಲ್ಲವನು ಎನ್ನುತ್ತದೆ. ಲಾಭವೆಷ್ಟು, ಸಿಕ್ಕಿಬೀಳುವ ಸಂಭವವೆಷ್ಟು, ಶಿಕ್ಷೆಯೆಷ್ಟು ಎಂದು ತೂಗಿ ನೋಡಿಯೇ ಅವನು ಗೋಡೆ ಹಾರುತ್ತಾನಂತೆ. ಇದನ್ನು ನಾನು ಎಷ್ಟು ಚೆನ್ನಾಗಿ ಕಲಿಸಿದ್ದೆನೆಂದರೆ, ಹಿಂದಿನ ಬೆಂಚಿನವರು ನನ್ನ ತರಗತಿಯ ಕಿಟಕಿ ಹಾರುವ ಮುನ್ನ ಇದೇ ಲೆಕ್ಕ ಹಾಕುತ್ತಿದ್ದರು.

ತಂಗಿ ನೀಲವ್ವ ಇರುವುದು ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ. ಕಡಲಿನ ಮಂಗಳೂರಲ್ಲ, ಇಲ್ಲಿ ಅಲೆ ಏಳುವುದು ಜೋಳದ ಹೊಲದಲ್ಲಿ ಮಾತ್ರ. ಗಂಡ ತೀರಿದ ಮೇಲೆ ಅವನ ಹೊಲ ಅವಳ ಹೆಸರಿಗೆ ಆಗಬೇಕಿತ್ತು. ಮೈದುನ ಮುಂಗಾರಿಗೆ ತಾನೇ ಬಿತ್ತುತ್ತೇನೆಂದು ಕೂರಿಗೆ ಸಜ್ಜು ಮಾಡಿಕೊಂಡಿದ್ದ. ಒಮ್ಮೆ ಅವನು ಬಿತ್ತಿದರೆ ಹೊಲ ಯಾರದೆಂದು ಊರೇ ತೀರ್ಮಾನಿಸಿಬಿಡುತ್ತದೆ.

ಅವಳ ಕಾಗದಗಳೆಲ್ಲ ಸರಿಯಿದ್ದವು. ಆದರೆ ನಮ್ಮಲ್ಲಿ ಎಲ್ಲಿಗೂ ಬರಿಗೈಯಲ್ಲಿ ಹೋಗುವ ಪದ್ಧತಿಯಿಲ್ಲ. ಹೇಮಗುಡ್ಡದ ದೇವಿಯೇ ಕಾಯಿ ಬೇಡ ಅಂದಿಲ್ಲ, ತಾಲೂಕು ಕಚೇರಿಯ ಗುಮಾಸ್ತ ಅಂದಾನೆಯೇ? ಒಂದು ಚೀಲ ಕೇಸರ್ ಮಾವಿನಹಣ್ಣು ಹಿಡಿದು ಕಚೇರಿಗೆ ಹೋದೆ. ಗುಮಾಸ್ತನ ತಲೆಯ ಮೇಲೆ ಹೊಸ ಕ್ಯಾಮೆರಾ ಕಣ್ಣು ಬಿಟ್ಟುಕೊಂಡಿತ್ತು. ಶಾಸ್ತ್ರ ನೆನಪಾಗಿ, ಸಿಕ್ಕಿಬೀಳುವ ಸಂಭವ ತಗ್ಗಿಸಲು ಚೀಲವನ್ನು ಮೇಜಿನ ಕೆಳಗಿಂದ ಕಾಲಿನಲ್ಲಿ ದೂಡಿದೆ. ಮೇಲಿಂದ ಕೊಟ್ಟಿದ್ದರೆ ಹಣ್ಣಾಗಿರುತ್ತಿತ್ತು. ಕೆಳಗಿಂದ ಹೋದದ್ದೇ ಲಂಚವಾಯಿತು. ಅದರ ಮೇಲೆ ಮಾವಿನಹಣ್ಣಿನಂಥ ಬಾಯಿಬಡುಕ ಲಂಚ ಇನ್ನೊಂದಿಲ್ಲ. ಕ್ಯಾಮೆರಾಕ್ಕೆ ಕಾಣದ್ದು ಸಾಲಿನಲ್ಲಿ ನಿಂತ ಅಷ್ಟೂ ಜನರ ಮೂಗಿಗೆ ಗೊತ್ತಾಯಿತು.

ಗುಮಾಸ್ತ ಚೀಲ ನೋಡಿದ, ಕ್ಯಾಮೆರಾ ನೋಡಿದ, ಕೊನೆಗೆ ಫೈಲು ನೋಡಿದ.

"ಸರ, ಕಾಗದ ಸರಿ ಇದ್ದವ್ರು ಹಣ್ಣ ಯಾಕ ತರ್ತಾರ್ರಿ? ಇದರಾಗ ಏನೋ ಐತಿ. ಪೂರಾ ತಪಾಸ ಮಾಡಬೇಕಾಗ್ತದ" ಎಂದು ಫೈಲನ್ನು ಪಕ್ಕಕ್ಕಿಟ್ಟ.

ಸರಕಿನ ಒಳಗು ಕಾಣದಿದ್ದಾಗ ಮಾರುವವನ ವರ್ತನೆ ನೋಡಿ ಬೆಲೆ ಕಟ್ಟು ಎಂದು ನಾನೇ ಪಾಠ ಹೇಳಿದವನು. ಆತ ನನ್ನ ವಿದ್ಯಾರ್ಥಿಯಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಸದ್ಯಕ್ಕೆ ಚೀಲ ಎತ್ತಿಕೊಂಡು ಬಂದೆ.

ನೀಲವ್ವ ಎಲ್ಲ ಕೇಳಿ, ಒಂದು ಹಣ್ಣು ಹಿಚುಕುತ್ತ ಹೇಳಿದಳು: "ಅಣ್ಣಾ, ಹೊಲ ನಂದ ಐತಿ. ನಂದು ಕೇಳಾಕ ನೀ ಯಾಕ ಕಳ್ಳರಂಗ ಹೋದಿ?"

ನಾನೂ ಚೀಲದಿಂದ ಒಂದು ಹಣ್ಣು ತೆಗೆದು ತಿಂದೆ.

ಮರುದಿನ ಅವಳೊಬ್ಬಳೇ ಹೋದಳು, ಬರಿಗೈಯಲ್ಲಿ. ಎಷ್ಟು ಬೇಕಾದರೂ ತಪಾಸ ಮಾಡಿರಿ, ನಾನು ಇಲ್ಲೇ ಕೂತಿರುತ್ತೇನೆ ಎಂದು ಎದುರಿನ ಬೆಂಚಿನ ಮೇಲೆ ಕೂತಳಂತೆ. ಗುಮಾಸ್ತ ಒಂದೊಂದೇ ಕಾಗದ ತಿರುವಿದ. ತಪ್ಪು ಸಿಗಲಿಲ್ಲ. ಆಕ್ಷೇಪಣೆಗೆ ಬಿಡುವ ನಿಯಮದ ದಿನಗಳು ಮುಗಿದು ಪಹಣಿಯಲ್ಲಿ ಅವಳ ಹೆಸರು ಬಂದಾಗ ಮೊದಲ ಮಳೆ ಇನ್ನೂ ಬಿದ್ದಿರಲಿಲ್ಲ. ಮೈದುನ ಕೂರಿಗೆಯನ್ನು ಮತ್ತೆ ಅಟ್ಟಕ್ಕೇರಿಸಿದ.

ಭ್ರಷ್ಟಾಚಾರ ತಗ್ಗಿಸುವ ಬಗ್ಗೆ ಪಂಡಿತರು ಬರೆದದ್ದನ್ನು ನಾನು ಈಗಲೂ ಓದುತ್ತೇನೆ. ಎಲ್ಲರೂ ಚಾಚಿದ ಕೈಗಳನ್ನೇ ಎಣಿಸುತ್ತಾರೆ. ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತ ನನ್ನಂಥ ಸಂಭಾವಿತನ ಕಡೆ ಯಾರೂ ಕ್ಯಾಮೆರಾ ತಿರುಗಿಸಿಲ್ಲ.

ಬಿತ್ತನೆ ಮುಗಿಸಿದ ನೀಲವ್ವ ಮೊನ್ನೆ ತನ್ನ ಹೊಲದ ಮಾವಿನಮರದ ಕೊನೆಯ ಹಣ್ಣುಗಳನ್ನು ಕಳಿಸಿದ್ದಾಳೆ. ಯಾಕೆ ಕಳಿಸಿರಬಹುದೆಂದು ಪೂರಾ ತಪಾಸ ಮಾಡಬೇಕಿತ್ತು. ಅಷ್ಟರಲ್ಲಿ ಚೀಲ ಖಾಲಿಯಾಯಿತು.