ನಡೆಯದ ಸಭೆಯ ವರದಿ

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಆಗ ಬೆಂಗಳೂರಿನ ಒಂದು ಕನ್ನಡ ವಾರಪತ್ರಿಕೆಯಲ್ಲಿ ವರದಿಗಾರ. ಯಶವಂತಪುರದಿಂದ ಹೆಬ್ಬಾಳ, ಯಲಹಂಕದವರೆಗಿನ ಸುದ್ದಿಯೆಲ್ಲ ನನ್ನ ಪಾಲು. ಅದೇ ಪ್ರದೇಶಕ್ಕೆ ಎದುರಾಳಿ ವಾರಪತ್ರಿಕೆಯಿಂದ ಶ್ಯಾಮರಾಯ ಎಂಬುವನಿದ್ದ. ಅವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ನನ್ನ ಅಕ್ಕ ಶಾರದೆ ಯಲಹಂಕದ ಹತ್ತಿರದ ಕೋಗಿಲು ಎಂಬ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮೇಡಂ. ಗಂಡ ತೀರಿಕೊಂಡ ಮೇಲೆ ಅವಳೂ ಅವಳ ಮಕ್ಕಳೂ ಆ ಸಂಬಳದಲ್ಲೇ ಬದುಕುತ್ತಿದ್ದರು. ಶಾಲೆಗಳಿಗೆ ಆಗ ಹಾಲಿನ ಪುಡಿ ಬರುತ್ತಿತ್ತು. ಅಕ್ಕ ಅದನ್ನು ಬಿಸಿನೀರಿಗೆ ಕಲಸಿ ಮಕ್ಕಳಿಗೆ ಕೊಡುತ್ತಿದ್ದಳು. ಒಂದು ದಿನ ಒಬ್ಬ ಹುಡುಗಿ ವಾಂತಿ ಮಾಡಿಕೊಂಡಳು. ಶ್ಯಾಮರಾಯನಿಗೆ ಅಷ್ಟೇ ಸಾಕಾಯಿತು. ‘ಹಾಲಿನಲ್ಲಿ ಎಲುಬಿನ ಪುಡಿ! ಸಾರ್ವಜನಿಕರಲ್ಲಿ ಕೋಲಾಹಲ!’ ಎಂದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದ, ಅಕ್ಕನ ಹೆಸರಿನ ಸಮೇತ.

ಆ ಸಾರ್ವಜನಿಕರು ಯಾರು ಎಂಬುದು ನನಗೆ ಗೊತ್ತಿತ್ತು. ಯಶವಂತಪುರದ ಹೋಟೆಲಿನಲ್ಲಿ ಅವನ ಪಕ್ಕ ಕೂತು ಕಾಫಿ ಕುಡಿಯುತ್ತಿದ್ದ ಇಬ್ಬರು. ಕೋಗಿಲಿಗೆ ಅವನು ಕಾಲಿಟ್ಟಿರಲಿಲ್ಲ. ಆದರೂ ವಾರ ವಾರ ರಗಳೆ ಬೆಳೆಯಿತು, ಪತ್ರಿಕೆ ಬಿಸಿದೋಸೆಯಂತೆ ಖರ್ಚಾಯಿತು, ಅಕ್ಕ ಸಸ್ಪೆಂಡ್ ಆದಳು. ಮುಂದಿನ ಹೆಜ್ಜೆ ವಜಾ ಎಂದು ಯಲಹಂಕದ ಶಾಲಾ ಇನ್ಸ್‌ಪೆಕ್ಟರರೇ ಹೇಳಿಬಿಟ್ಟಿದ್ದರು.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಶುಕ್ರವಾರ ಮಧ್ಯಾಹ್ನ ಕೋಗಿಲಿನಲ್ಲಿ ಅಕ್ಕನ ವಿರುದ್ಧ ಖಂಡನಾ ಸಭೆ, ಊರಿನ ಪಟೇಲ ಮುನಿಯಪ್ಪನವರ ಅಧ್ಯಕ್ಷತೆ. ಕೇಳುತ್ತಲೇ ನನಗೆ ದಾರಿ ಕಂಡಿತು.

ಅದು ಹೇಗೆಂದು ಹೇಳಬೇಕಾದರೆ ನಮ್ಮ ಕಸುಬಿನ ಒಂದು ಪದ್ಧತಿ ತಿಳಿಸಬೇಕು. ವಾರಪತ್ರಿಕೆ ಶನಿವಾರ ಅಂಗಡಿಗೆ ಬಂದರೂ ಅದರ ಪುಟಗಳು ಗುರುವಾರ ಸಂಜೆಗೇ ಮುಗಿದು ಪ್ರೆಸ್ಸಿಗೆ ಹೋಗುತ್ತಿದ್ದವು. ಹಾಗಾಗಿ ಶುಕ್ರವಾರದ ಸಮಾರಂಭಗಳನ್ನು ನಡೆದೇಹೋದವು ಎಂಬಂತೆ ಮುಂಚಿತವಾಗಿ ಬರೆದಿಡುವ ರೂಢಿ ಎಲ್ಲ ಪತ್ರಿಕೆಗಳಲ್ಲೂ ಇತ್ತು. ಉದ್ಘಾಟನೆ, ಹಾರ, ಭಾಷಣ ಇಂಥವಕ್ಕೆ ಅದರಿಂದ ತೊಂದರೆಯಿರಲಿಲ್ಲ. ಶ್ಯಾಮರಾಯ ಜಗಳವನ್ನೂ ಹಾಗೆಯೇ ಬರೆಯುತ್ತಿದ್ದ.

ನಾನು ಸೈಕಲ್ ಹತ್ತಿ ಕೋಗಿಲಿಗೆ ಹೋದೆ. ಪಟೇಲರು ದನಗಳಿಗೆ ಹುಲ್ಲು ಹಾಕುತ್ತಿದ್ದರು.

“ಯಾವ್ ಸಬೆ ಸ್ವಾಮಿ? ಆ ಪೇಪರಿನಯ್ಯ ಸಬೆ ಮಾಡಿ ಅಂತ ಏಳಿ ಕಳ್ಸಿದ್ದ, ಊಂ ಅಂದಿದ್ದೆ ಅಷ್ಟೇಯ. ನನ್ ಮೊಮ್ಮಗ್ಳು ದಿನಾ ಅದೇ ಆಲು ಕುಡೀತಾಳೆ, ಗುಂಡುಗುಂಡಾಗವ್ಳೆ.”

“ಹಾಗಾದ್ರೆ ಶುಕ್ರವಾರ ಸಭೆ ಹೊತ್ತಿಗೆ ನನ್ನ ಜೊತೆ ಯಲಹಂಕಕ್ಕೆ ಬನ್ನಿ. ಇದೇ ಮಾತನ್ನ ಇನ್ಸ್‌ಪೆಕ್ಟರ ಹತ್ರ ಹೇಳಿ. ಅಲ್ಲಿವರೆಗೆ ಯಾರಿಗೂ ಹೇಳ್ಬೇಡಿ.”

ಪಟೇಲರು ನನ್ನ ಮುಖ ನೋಡಿ ನಕ್ಕರು. “ಮೇಡಮ್ನೋರ್ ತಮ್ಮ ಅಲ್ವಾ ನೀವು? ಬತ್ತೀನಿ ನಡೀರಿ.”

ಶುಕ್ರವಾರ ಮಧ್ಯಾಹ್ನ ಪಟೇಲರು ಇನ್ಸ್‌ಪೆಕ್ಟರರ ಎದುರು ಕೂತು, ಮೇಡಂ ವಾಪಸ್ ಬರಬೇಕೆಂದು ಕೇಳಿಕೊಂಡರು. ಇನ್ಸ್‌ಪೆಕ್ಟರರು ‘ನೋಡೋಣ’ ಎಂದರು. ಶನಿವಾರ ಬೆಳಿಗ್ಗೆ ನಾನು ಎದುರಾಳಿ ಪತ್ರಿಕೆಯನ್ನು ಕೊಂಡು ಅವರ ಮೇಜಿನ ಮೇಲಿಟ್ಟೆ. ‘ನಿನ್ನೆ ಕೋಗಿಲಿನಲ್ಲಿ ಕಿಕ್ಕಿರಿದ ಸಭೆ. ಉಪಾಧ್ಯಾಯಿನಿಯನ್ನು ವಜಾ ಮಾಡದಿದ್ದರೆ ಶಾಲೆಗೆ ಬೀಗ ಎಂದು ಪಟೇಲ ಮುನಿಯಪ್ಪ ಗುಡುಗಿದರು.’

ಇನ್ಸ್‌ಪೆಕ್ಟರರು ಎರಡು ಸಲ ಓದಿದರು. “ಗುಡುಗಿದ್ರಂತೆ! ಆಗ ಇದೇ ಕುರ್ಚೀಲಿ ಕೂತು ಮಜ್ಜಿಗೆ ಕುಡೀತಿದ್ರಲ್ರೀ!” ಎಂದರು. ಸಸ್ಪೆನ್ಷನ್ ರದ್ದಾಯಿತು.

ನನಗೆ ಅಷ್ಟು ಸಾಲಲಿಲ್ಲ. ಮುಂದಿನ ವಾರ ಶ್ಯಾಮರಾಯನ ವರದಿಯನ್ನು ನಮ್ಮ ಪತ್ರಿಕೆಯಲ್ಲಿ ಇಡಿಯಾಗಿ ಅಚ್ಚು ಹಾಕಿಸಿದೆ. ಅದರ ಕೆಳಗೆ, ಆ ಹೊತ್ತಿನಲ್ಲಿ ಪಟೇಲರು ಎಲ್ಲಿದ್ದರು ಎಂದಷ್ಟೇ ಬರೆದೆ. ಯಲಹಂಕದ ಸಂತೆಯಲ್ಲೂ ಜನ ಅದನ್ನು ಓದಿ ಓದಿ ನಕ್ಕರು. ಶ್ಯಾಮರಾಯನ ಕೆಲಸ ಹೋಯಿತು.

ಅವನು ನನ್ನನ್ನು ಹುಡುಕಿಕೊಂಡು ಬಂದ. “ಒಂದೇ ಕಸುಬಿನವರು ಕಣ್ರೀ ನಾವು. ಮೊದ್ಲೇ ಒಂದ್ಮಾತು ಹೇಳ್ಬಾರ್ದಿತ್ತಾ?”

“ನೀವು ನಮ್ಮಕ್ಕನ್ನ ಒಂದ್ಮಾತು ಕೇಳಿದ್ರಾ?” ಎಂದೆ. ಅವನು ತಲೆ ತಗ್ಗಿಸಿ ಹೋದ. ಆ ಹೊತ್ತಿಗೆ ನನ್ನ ಹೊಟ್ಟೆ ತಣ್ಣಗಾಯಿತು.

ಅಕ್ಕನಿಗೆ ಇದನ್ನು ಹೇಳಲು ಮಾತ್ರ ಮನಸ್ಸು ಅಳುಕಿತು. ಮಕ್ಕಳನ್ನೇ ಗದರಿಸದವಳು, ‘ಪಾಪ’ ಎಂದು ನನ್ನನ್ನೇ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳಿದಳು:

“ನಾನು ತಪ್ಪು ಮಾಡಿಲ್ಲ ಅಂತ ಆ ಪತ್ರಿಕೆಯವರು ಹಾಕಿದ್ರೇನೋ?”

“ಹಾಕಿದ್ದಾರಕ್ಕ. ಕೊನೇ ಪುಟದಲ್ಲಿ, ಹಲ್ಲುಪುಡಿ ಜಾಹೀರಾತಿನ ಕೆಳಗೆ, ಎರಡು ಸಾಲು.”

“ನನ್ನ ಹೆಸರು ಕೆಡಿಸಿದ್ದು ಯಾವ ಪುಟದಲ್ಲಿ?”

“ಮೊದಲ ಪುಟ.”

“ಹಾಗಾದ್ರೆ ಇನ್ನೂ ಮುಗಿದಿಲ್ಲ ಕಣೋ. ಬರಿ.”

ಬರೆದೆ. ಅದರ ಮರುವಾರವೂ ಬರೆದೆ. ಆರೋಪ ಬಂದ ಜಾಗದಲ್ಲೇ ತಿದ್ದುಪಡಿಯೂ ಬರಬೇಕು ಎಂಬ ಪಾಠವನ್ನು ನನಗೆ ಕಲಿಸಿದ್ದು ಯಾವ ಸಂಪಾದಕನೂ ಅಲ್ಲ, ಅಕ್ಕ. ಆ ಪತ್ರಿಕೆ ಮೊದಲ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ಅವಳ ಹೆಸರು ಹಾಕಿ ಕ್ಷಮೆ ಕೇಳುವವರೆಗೂ ನಾನು ಅವರನ್ನು ಬಿಡಲಿಲ್ಲ.