ಹಸಿದ ಕೌದಿ

ಮೊನ್ನೆ ಪೆಟ್ಟಿಗೆಯ ತಳದಿಂದ ಹಳೆಯ ಕೌದಿಯೊಂದನ್ನು ತೆಗೆದು ಬಿಸಿಲಿಗೆ ಹರವಿದೆ. ಒಣಗಿದ ಬೇವಿನೆಲೆಯ ವಾಸನೆ, ಅದರ ಹಿಂದೆಯೇ ಇಲಿಯ ನಾತ. ನಟ್ಟನಡುವೆ ಜೋಳದ ಕಾಳು ತೂರುವಷ್ಟು ಸಣ್ಣ ಸಣ್ಣ ತೂತುಗಳು. "ಒಗದ ಬಿಡ್ರಿ ಅತ್ತಿ, ಯಾ ಕಾಲದ್ದೋ ಏನೋ" ಎಂದಳು ಸೊಸೆ. ಅವಳನ್ನು ಬೈದು, ಸೂಜಿ ದಾರ ಹುಡುಕಿಕೊಂಡು ಬಂದು ಕುಳಿತೆ. ಇಲಿ ಕಡಿದ ಕೌದಿ ಕೈಗೆ ಬಂದರೆ ನನಗೆ ಖಾಲಾ ಬಿಟ್ಟು ಬೇರೇನೂ ನೆನಪಾಗುವುದಿಲ್ಲ...

ಶಿರೂರಿನಿಂದ ಇಳಕಲ್ಲಿಗೆ ನಾನು ಸೊಸೆಯಾಗಿ ಬಂದಾಗ ಅವಳು ನಮ್ಮ ಎದುರು ಮನೆಯವಳು. ಗಂಡನಿಲ್ಲದ ಮುಸಲ್ಮಾನ ಹೆಂಗಸು, ಇದ್ದವಳು ಒಬ್ಬಳೇ ಮಗಳು. ತಾಯಿಯ ತಂಗಿಯನ್ನು ಅವರು ಖಾಲಾ ಎನ್ನುತ್ತಾರೆ. ಅವಳು ಇಡೀ ಓಣಿಗೇ ಖಾಲಾ. ನೇಕಾರರ ಮನೆಗಳಿಂದ ಹಳೆಯ ಸೀರೆ, ಧೋತರ, ಕುಬಸದ ಚೂರುಗಳನ್ನು ಒಯ್ದು ಕೌದಿ ಹೊಲಿದು ಕೊಡುತ್ತಿದ್ದಳು. ನನ್ನ ಅತ್ತೆ ಯಾರ ಕೆಲಸವನ್ನೂ ಹೊಗಳಿದವಳಲ್ಲ. ಆದರೆ ಖಾಲಾ ಹೊಲಿದ ಕೌದಿಯನ್ನು ಬಂದ ಬೀಗರಿಗೂ ಹೊದೆಯಲು ಕೊಡುತ್ತಿರಲಿಲ್ಲ. ಅದೇ ಅವಳ ಹೊಗಳಿಕೆ.

ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯೊಳಗೆ ಒಂದು ಚೂರು ಹೋಳಿಗೆ ಇಟ್ಟು ಬಾಯಿ ಮುಚ್ಚುವುದು ನಮ್ಮ ಕಡೆಯ ಪದ್ಧತಿ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಖಾಲಾ ಇದನ್ನು ಮರೆತದ್ದೇ ಇಲ್ಲ. ಮನೆಯಲ್ಲಿ ರೊಟ್ಟಿಗೆ ಹಿಟ್ಟಿಲ್ಲದ ದಿನವೂ ಕೌದಿಯ ತುತ್ತಿಗೆಂದು ಯಾರದಾದರೂ ಮನೆಯಿಂದ ಹೋಳಿಗೆ ತುಣುಕು ಕೇಳಿ ತರುತ್ತಿದ್ದಳು. "ಕೌದಿ ಹಸದಿದ್ರ ಹೊದ್ದವ್ರಿಗೂ ಹಸಿವು ತಪ್ಪಂಗಿಲ್ಲ ತಂಗಿ" ಎಂದು ನಗುತ್ತಿದ್ದಳು.

ಆ ವರ್ಷ ಹುನಗುಂದದಿಂದ ಅವಳ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಹುಟ್ಟುವ ಕೂಸಿಗೆಂದು ಖಾಲಾ ಸಣ್ಣದೊಂದು ಕೌದಿ ಹೊಲಿದಳು. ಅಂಥ ಹೊಲಿಗೆಯನ್ನು ನಾನು ಆಮೇಲೆ ನೋಡಿಲ್ಲ. ಹೊಲಿದು ಎರಡು ದಿನವಾಗಿರಲಿಲ್ಲ, ಇಲಿ ಬಂದು ತುತ್ತು ಇಟ್ಟ ಮೂಲೆಯನ್ನೇ ಕಡಿದುಹೋಯಿತು. ಇಲಿಗಳಿಗೆ ಬಾಯಿ ತುಂಬ ಶಾಪ ಹಾಕುತ್ತ ಖಾಲಾ ತೂತು ಮುಚ್ಚಿದಳು. ಒಳಗೆ ಹೊಸ ತುತ್ತು ಇಟ್ಟಳು. ಮತ್ತೆ ಕಡಿಯಿತು. ಮತ್ತೆ ಮುಚ್ಚಿ ಮತ್ತೆ ಇಟ್ಟಳು. ತುತ್ತು ಬಿಟ್ಟು ಹೊಲಿಯಬಾರದೇ ಎಂದು ನಾನು ಕೇಳಿದ್ದಕ್ಕೆ, "ಕೂಸಿಗೆ ಹಸದ ಕೌದಿ ಹೊಚ್ಚಲೇನ?" ಎಂದು ಗದರಿದಳು.

ಆಮೇಲೆ ಮನೆಮನೆಗಳಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಗಡ್ಡೆ ಬೇನೆ, ಅಂದರೆ ಪ್ಲೇಗು, ಬಂತೆಂದು ಜನ ಮನೆಗಳಿಗೆ ಕೀಲಿ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳಲು ಹೊರಟರು. ನಮ್ಮ ಎತ್ತಿನ ಚಕ್ಕಡಿಯೂ ಬಾಗಿಲಿಗೆ ಬಂತು. ಖಾಲಾಳನ್ನು ಕರೆಯಲು ಓಡಿದರೆ ಅವಳ ಮಗಳಿಗೆ ಆಗಲೇ ಜ್ವರ. ತುಂಬಿದ ಬಸುರಿ ಗಡಗಡ ನಡುಗುತ್ತಿದ್ದಳು. ಇದ್ದಬದ್ದ ಕೌದಿಗಳ ಮೇಲೆ ಆ ಸಣ್ಣ ಕೌದಿಯನ್ನೂ ಹೊದಿಸಿ, ಖಾಲಾ ಪಕ್ಕದಲ್ಲೇ ಕುಳಿತು ಅದರ ಮೂಲೆಯನ್ನು ಹೊಲಿಯುತ್ತಿದ್ದಳು. ತೇಪೆಗೆ ಬಟ್ಟೆ ಸಿಗದೆ ತನ್ನ ಸೆರಗನ್ನೇ ಹರಿದುಕೊಂಡಿದ್ದಳು. ಸೂಜಿ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚುತ್ತಿತ್ತು.

"ಇದೊಂದು ತೂತು ಮುಚ್ಚಿದ್ರ ಸಾಕವ್ವಾ. ಇದರಾಗಿಂದನ ಚಳಿ ಒಳಗ ಹೊಂಟೈತಿ. ಮುಚ್ಚಿದ್ರ ನಿಲ್ತೈತಿ, ನೋಡ್ತಿರು."

ಅತ್ತೆ ಬಂದು ನನ್ನ ರಟ್ಟೆ ಹಿಡಿದು ಎಳೆದೊಯ್ದಳು. ಚಕ್ಕಡಿ ಓಣಿ ತಿರುಗುವವರೆಗೂ ತೆರೆದ ಬಾಗಿಲೊಳಗೆ ಖಾಲಾಳ ಬಗ್ಗಿದ ಬೆನ್ನು ಕಾಣುತ್ತಿತ್ತು.

ಕೆಲವು ದಿನಗಳಾದ ಮೇಲೆ ಅವಳು ನಮ್ಮ ಹೊಲಕ್ಕೆ ಬಂದಳು. ಹತ್ತಿರ ಬರಲಿಲ್ಲ, ಬದುವಿನ ಆಚೆಯೇ ನಿಂತಳು. ನಾನು ಎದ್ದು ಹೊರಟರೆ ಬೇಡವೆಂದು ಕೈ ಮಾಡಿದಳು.

"ತಾಯಿ ಕೂಸು ಎರಡೂ ಹೋದುವು ತಂಗಿ. ಕೌದಿ ಸುಟ್ಟು ಬಂದೆ." ಹರಿದ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು. "ನಾ ಇಟ್ಟ ತುತ್ತಿಗೇ ಬಂದುವೇನವ್ವಾ ಇಲಿ? ಬ್ಯಾನಿ ನಾನ ಕರದನೇನು?"

"ಹಂಗ ಅನಬ್ಯಾಡ್ರಿ ಖಾಲಾ. ಊರ ತುಂಬ ಇಲಿ ಬಿದ್ದಾವ."

"ಊರ ತುಂಬ ಬಿದ್ದಾವ, ಖರೆ. ನನ್ನ ಮನ್ಯಾಗ ತುತ್ತಿನ ಮೂಲಿ ಅಷ್ಟ ಕಡದಾವ. ಬ್ಯಾರೆ ಕಡೆ ಹಲ್ಲ ಹಚ್ಚಿಲ್ಲ."

ಬದುವಿನ ಆಚೆ ಅವಳು, ಈಚೆ ನಾನು. ಇಬ್ಬರೂ ಅತ್ತೆವು. ಆಮೇಲೆ ಅವಳು ಖಾಲಿ ಊರಿನ ಕಡೆ ತಿರುಗಿ ನಡೆದಳು...

ಬೇನೆ ಇಳಿದು ಎಲ್ಲರೂ ಮನೆ ಸೇರಿದೆವು. ಖಾಲಾ ಮತ್ತೆ ಕೌದಿ ಹೊಲಿಯತೊಡಗಿದಳು, ಆದರೆ ತುತ್ತು ಇಡುವುದನ್ನು ಬಿಟ್ಟಳು. ಮೂಲೆ ಬರಿದೇ ಹೊಲಿದು ಕೊಡುತ್ತಿದ್ದಳು. ಹಸಿದ ಕೌದಿ ಮನೆಗೆ ಒಳ್ಳೆಯದಲ್ಲವೆಂದು ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಅವಳಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ನನ್ನ ಅತ್ತೆಯೇ ಮೊದಲು. ಆ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ. ನಾನು ಬಸುರಿಯಾದಾಗ ಅತ್ತೆಯ ಕಣ್ಣು ತಪ್ಪಿಸಿ ಖಾಲಾಳಿಗೆ ನನ್ನ ಹಳೆಯ ಸೀರೆಗಳನ್ನು ಒಯ್ದು ಕೊಟ್ಟೆ. ಕೌದಿ ಮುಗಿಯುವ ದಿನ ಹೋಳಿಗೆ ಚೂರನ್ನೂ ಒಯ್ದೆ. "ನೀವು ಇಡಬ್ಯಾಡ್ರಿ, ನಾನ ಇಡ್ತೇನಿ" ಎಂದೆ. ಅವಳು ಮೂಲೆಯ ಮೇಲೆ ಅಂಗೈ ಒತ್ತಿ ಹಿಡಿದಳು. ಎಷ್ಟು ಬೇಡಿಕೊಂಡರೂ ತೆಗೆಯಲಿಲ್ಲ.

ಅವಳು ಹೊಲಿದ ಕೊನೆಯ ಕೌದಿ ಅದು. ಮುಂದಿನ ಚಳಿಗಾಲವನ್ನು ಅವಳು ನೋಡಲಿಲ್ಲ. ಬೇನೆಯಿಂದಲ್ಲ, ಉಣ್ಣುವುದನ್ನು ಬಿಟ್ಟು ತೀರಿಹೋದಳು. ನಾನು ಒಯ್ದ ತಾಟು ಎಷ್ಟೋ ಸಲ ಹಾಗೇ ತಿರುಗಿ ಬಂದಿತ್ತು.

ಮೊನ್ನೆ ಬಿಸಿಲಲ್ಲಿ ಹರವಿದ್ದು ಅದೇ ಕೌದಿ. ನಡುವಿನ ತೂತುಗಳನ್ನು ಹೊಲಿಯುತ್ತ ಮೂಲೆಗೆ ಬಂದೆ. ಬೆರಳಿನಿಂದ ಒತ್ತಿ ನೋಡಿದೆ. ಬರಿದು, ಅವಳು ಬಿಟ್ಟಂತೆಯೇ. ಅಲ್ಲಿ ಒಂದು ಹಲ್ಲೂ ತಾಗಿರಲಿಲ್ಲ. ಆಗ ನನ್ನ ಕೈ ನಿಂತಿತು. ತುತ್ತೇ ಇಲ್ಲದ ಕೌದಿಗೂ ಇಲಿ ಬಂದಿತ್ತು. ಯಾರೂ ಕರೆಯದೆ ಬಂದು, ತನಗೆ ಬೇಕಾದಲ್ಲಿ ಕಡಿದು ಹೋಗಿತ್ತು.

ಬದುವಿನ ಆಚೆ ನಿಂತು ಅವಳು ಕೇಳಿದ್ದು ಇದನ್ನೇ. ಉತ್ತರ ಇಷ್ಟು ವರ್ಷದ ಮೇಲೆ ನನ್ನ ತೊಡೆಯ ಮೇಲೆ ಬಂದು ಬಿದ್ದಿದೆ. ಎದುರು ಮನೆಯಲ್ಲಿ ಈಗ ಯಾರೋ ಹತ್ತಿ ತುಂಬಿಟ್ಟಿದ್ದಾರೆ. ಯಾರಿಗೆ ಹೋಗಿ ಹೇಳಲಿ?

ಸೊಸೆ ತಾನಾಗಿಯೇ ಒಳಗಿನಿಂದ ಒಂದು ಚೂರು ಹೋಳಿಗೆ ತಂದಳು. "ಮೂಲ್ಯಾಗ ಇಡ್ಲೇನ್ರಿ ಅತ್ತಿ?"

ಬೇಡವೆಂದೆ. ಅದನ್ನು ಇಡಬೇಕಾದವಳು ಖಾಲಾ.